2 ಲಕ್ಷ ಕ್ಯೂಸೆಕ್ ಅಂದ್ರೆ ಎಷ್ಟನೇ ಮೆಟ್ಟಿಲು? ಕೃಷ್ಣಾ ನದಿಯ ಒಂದು ನಡುಗಡ್ಡೆಯ ಪ್ರಕರಣ

"ಮಾಸ್ತರ, 2 ಲಕ್ಷ ಅಂದ್ರ ಎಷ್ಟನೇ ಮೆಟ್ಲು?"

ಕೇಳಿದ್ದು ಒಬ್ಬ ಅಂಬಿಗ ತಾತ. ನಾನು ಫೋನಿನಲ್ಲಿ ಬಂದ ಮೆಸೇಜನ್ನು ಜೋರಾಗಿ ಓದಿ ಹೇಳಿದ್ದೆ, ನಾರಾಯಣಪುರ ಅಣೆಕಟ್ಟಿನಿಂದ 2 ಲಕ್ಷ ಕ್ಯೂಸೆಕ್ ನೀರು ಬಿಟ್ಟಿದ್ದಾರೆ, ನದಿ ದಂಡೆಯ ಜನ ಎಚ್ಚರದಿಂದಿರಬೇಕು ಅಂತ. ತಾತ ಗುಡಿ ಮುಂದಿನ ಮೆಟ್ಟಿಲ ಮೇಲೆ ಕೂತು ಬಲೆ ಸರಿ ಮಾಡುತ್ತಿದ್ದ. ತಲೆ ಎತ್ತದೇ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೆಸೇಜ್ ಕಳಿಸಿದವರ ಹತ್ತಿರವೂ ಇರಲಿಲ್ಲ. ಇದು 2019ರ ಮಳೆಗಾಲದ ಮಾತು. ಮುಂದೆ ಎರಡು ವರ್ಷ ನಾವು ಮಾಡಿದ್ದೆಲ್ಲ ಈ ಒಂದು ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ. ಮಧ್ಯದಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನೇ ಜಾಸ್ತಿ ಬರೆಯುತ್ತೇನೆ, ಯಾಕಂದ್ರೆ ಬೇರೆ ಗಡ್ಡೆಗಳಲ್ಲಿ, ಹೊಳೆದಂಡೆ ಊರುಗಳಲ್ಲಿ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬರುವುದು ಅದೇ.

ಗಡ್ಡೆಯ ಹೆಸರು ಬರೆಯುವುದಿಲ್ಲ. ರಾಯಚೂರು ತಾಲೂಕಿನಲ್ಲಿ ಇಂಥವು ಕೆಲವಿವೆ, ಅದರಲ್ಲೊಂದು ಅಂದುಕೊಳ್ಳಿ. ಜನರ ಗುರುತು ಸಿಗಬಾರದು ಅಂತ ಮನೆಗಳ ಲೆಕ್ಕ, ಸಂಬಂಧ, ಕೆಲವು ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ನಾನು ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ ಆಗಿದ್ದೆ. ದಂಡೆಯ ಊರಲ್ಲಿ ಒಂದು ರೂಮು ಮಾಡಿಕೊಂಡು, ದಿನಾ ತೆಪ್ಪದಲ್ಲಿ ಹೋಗಿ ಬರುತ್ತಿದ್ದೆ.

ಮೊದಲು ಜಾಗದ ಬಗ್ಗೆ. ಗಡ್ಡೆ ಅಂದ ಕೂಡಲೇ ಹೊರಗಿನವರಿಗೆ ಮರಳಿನ ದಿಬ್ಬ ಕಣ್ಣಿಗೆ ಬರುತ್ತದೆ. ಅಸ್ಸಾಮಿನ ಮಾಜುಲಿ ಹಾಗೆ, ಬ್ರಹ್ಮಪುತ್ರ ವರ್ಷಾ ವರ್ಷಾ ಅದನ್ನು ಕೊರೆದು ತಿನ್ನುತ್ತದೆ. ನಮ್ಮ ಕಡೆ ಹಾಗಲ್ಲ. ಇಲ್ಲಿ ಕೃಷ್ಣಾ ಹರಿಯುವುದೇ ಬಂಡೆಯ ಮೇಲೆ. ಗಟ್ಟಿ ಬಂಡೆ ಅಡ್ಡ ಸಿಕ್ಕಲ್ಲಿ ಹೊಳೆ ಎರಡು ಸೀಳಾಗುತ್ತದೆ, ಬಂಡೆಯ ಬೆನ್ನ ಹಿಂದೆ ಮೆಕ್ಕಲು ಮಣ್ಣು ಕೂಡುತ್ತಾ ಹೋಗುತ್ತದೆ. ಹಾಗಾಗಿ ನಮ್ಮ ಗಡ್ಡೆಗೆ ಮೀನಿನ ಆಕಾರ. ತಲೆ ಕಲ್ಲು, ಬಾಲ ಮಣ್ಣು. ತಲೆ ಮೇಲ್ಗಡೆ ಹೊಳೆಗೆ ಮುಖ ಕೊಟ್ಟಿರುತ್ತದೆ, ಬಾಲದಲ್ಲಿ ಭತ್ತ, ಮೆಣಸಿನಕಾಯಿ ಬೆಳೆಯುತ್ತಾರೆ. ನಡುವಿನ ಎತ್ತರದಲ್ಲಿ ಮನೆಗಳು. ಹನುಮಪ್ಪನ ಗುಡಿ ಮನೆಗಳಿಗಿಂತ ಸ್ವಲ್ಪ ಕೆಳಗೆ, ಅಲ್ಲಿಂದ ಹೊಳೆಗೆ 14 ಮೆಟ್ಟಿಲು.

ಎರಡು ಸೀಳಿನಲ್ಲಿ ಒಂದು ದೊಡ್ಡ ಹೊಳೆ, ಇನ್ನೊಂದು ಸಣ್ಣ ಹೊಳೆ. ಸಣ್ಣ ಹೊಳೆ ನಮ್ಮ ರಾಯಚೂರು ಕಡೆಗಿದೆ. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದು, ಬೈಕನ್ನೂ ತಳ್ಳಿಕೊಂಡು ಹೋಗುತ್ತಾರೆ. ದೊಡ್ಡ ಹೊಳೆಯ ಆಚೆ ತೆಲಂಗಾಣ. 1956ರ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಆಚೆ ದಂಡೆ ಆಂಧ್ರಕ್ಕೆ ಹೋಯಿತು. ಅದಕ್ಕೂ ಮುಂಚೆ ಎರಡೂ ಕಡೆ ಹೈದರಾಬಾದ್ ರಾಜ್ಯವೇ. ಗಡ್ಡೆಯವರ ಬೀಗರು ಮಾತ್ರ ಇವತ್ತಿಗೂ ಎರಡೂ ಕಡೆ ಇದ್ದಾರೆ, ಮಕ್ಕಳು ಜಗಳಕ್ಕೆ ಕನ್ನಡ, ಸಂತೆಗೆ ತೆಲುಗು ಅಂತ ಎರಡೂ ಆಡುತ್ತವೆ.

ಹೆಸರುಗಳಲ್ಲೇ ಇಲ್ಲಿನ ಚರಿತ್ರೆ ಇದೆ. ಕುರುವ ಅಂದ್ರೆ ಹಳೆಯ ಕನ್ನಡದಲ್ಲಿ ನಡುಗಡ್ಡೆ. ಶ್ರೀಪಾದ ಶ್ರೀವಲ್ಲಭರ ಕುರುವಪುರ ಗೊತ್ತಲ್ವಾ, ದತ್ತ ಭಕ್ತರು ಮಹಾರಾಷ್ಟ್ರದಿಂದೆಲ್ಲ ಬರುತ್ತಾರೆ, ಅದೂ ಇದೇ ಹೊಳೆಯ ಗಡ್ಡೆ. ಕುರ್ವಕಲಾ, ಕುರ್ವಕುರ್ದಾ ಅಂತಲೂ ಹೆಸರುಗಳಿವೆ. ಕಲಾನ್ ಅಂದ್ರೆ ದೊಡ್ಡದು, ಖುರ್ದ್ ಅಂದ್ರೆ ಚಿಕ್ಕದು, ಎರಡೂ ಪಾರ್ಸಿಯಿಂದ ಬಂದ ಕಂದಾಯ ಇಲಾಖೆಯ ಮಾತು. ಅಂದ್ರೆ ಮೊದಲು ಯಾರೋ ಕನ್ನಡದವರು ಸುಮ್ನೆ ಕುರುವ ಅಂದರು, ಆಮೇಲೆ ಲೆಕ್ಕ ಬರೆಯಲು ಬಂದವನು ದೊಡ್ಡ ಕುರುವ, ಚಿಕ್ಕ ಕುರುವ ಅಂತ ಬಾಲ ಹಚ್ಚಿದ. ಕೃಷ್ಣಾ, ತುಂಗಭದ್ರಾ ನಡುವಿನ ಈ ನೆಲಕ್ಕಾಗಿ ಬಹಮನಿಗಳು, ವಿಜಯನಗರದವರು, ಆದಿಲ್‌ಶಾಹಿಗಳು ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯನಿಗೆ ಸೋತು ಓಡಿದ ಬಿಜಾಪುರದ ಸೈನ್ಯದಲ್ಲಿ ಎಷ್ಟೋ ಜನ ಇದೇ ಕೃಷ್ಣೆ ದಾಟಲಾಗದೆ ಮುಳುಗಿದರು. ಯಾರು ಗೆದ್ದರೂ ಗಡ್ಡೆಯವರು ತೆರಿಗೆ ಕಟ್ಟುವ ದಂಡೆ ಮಾತ್ರ ಬದಲಾಗುತ್ತಿತ್ತು ಅಂತ ನನಗನ್ನಿಸುತ್ತದೆ. ಅವರ ಬದುಕು ಬದಲಾದದ್ದು ಅಣೆಕಟ್ಟುಗಳಿಂದ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಪ್ರಕರಣದ ಬೇರು ಇಲ್ಲಿದೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು. ಅದಕ್ಕೂ ಮುಂಚೆ ಹೊಳೆ ಬರುವುದನ್ನು ಮುದುಕರು ನೋಡಿಯೇ ಹೇಳುತ್ತಿದ್ದರಂತೆ. ನೀರಿನ ಬಣ್ಣ, ತೇಲಿ ಬರುವ ಕಸ, ಮೊಟ್ಟೆ ಹೊತ್ತು ಮೇಲೆ ಹತ್ತುವ ಇರುವೆ. ನೀರು ಏರುವುದು ನಿಧಾನ, ಹೇಳಿ ಕೇಳಿ ಬಂದ ಹಾಗೆ. ಅಣೆಕಟ್ಟು ಬಂದ ಮೇಲೆ ಬಿಸಿಲು ಚುರುಗುಟ್ಟುವ ದಿನವೇ ಹೊಳೆ ಏರತೊಡಗಿತು. ಎಲ್ಲೋ ಮಹಾಬಲೇಶ್ವರದ ಕಡೆ ಮಳೆ, ಆಲಮಟ್ಟಿ ತುಂಬಿ, ನಾರಾಯಣಪುರ ತುಂಬಿ, ಗೇಟು ಎತ್ತುತ್ತಾರೆ. ಇಲ್ಲಿ ಮೋಡವೂ ಇರುವುದಿಲ್ಲ. ಕೆಳಗಡೆ ತೆಲಂಗಾಣದಲ್ಲಿ ಜುರಾಲಾ ಅಣೆಕಟ್ಟು ಬೇರೆ ಕಟ್ಟಿದರು. ಅದು ತುಂಬಿದರೆ ಹಿನ್ನೀರು ರಾಯಚೂರು ತಾಲೂಕಿನ ದಂಡೆಯವರೆಗೆ ಬರುತ್ತದೆ. ಮೇಲಿನವರು ಬಿಡುವುದೂ ನಮ್ಮ ಕೈಲಿಲ್ಲ, ಕೆಳಗಿನವರು ಹಿಡಿಯುವುದೂ ನಮ್ಮ ಕೈಲಿಲ್ಲ.

2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕವೇ ಮುಳುಗಿತಲ್ಲ, ಮಂತ್ರಾಲಯ, ಕರ್ನೂಲು ಎಲ್ಲ ನೀರಲ್ಲಿ ನಿಂತಿದ್ದವು, ಆಗ ಇಲ್ಲಿ ಗುಡಿ ಕಟ್ಟೆ ದಾಟಿ ನೀರು ಬಂತು. ಅದಾದ ಮೇಲೆ ಸರ್ಕಾರ 'ಆಸರೆ' ಅಂತ ಯೋಜನೆ ಮಾಡಿ ನೆರೆ ಊರುಗಳಿಗೆ ಹೊಸ ಮನೆ ಕಟ್ಟಿಸಿತು. ಗಡ್ಡೆ ಬಿಟ್ಟು ದಂಡೆಗೆ ಬರ್ರಿ ಅನ್ನುವ ಮಾತು ನಮ್ಮಲ್ಲೂ ಆಗ ಬಂತು. ಕೆಲವರು ಹೋದರು, ಜಾಸ್ತಿ ಜನ ಹೋಗಲಿಲ್ಲ. ಹೊಲ ಇಲ್ಲಿ, ಮನೆ ಅಲ್ಲಿ ಆದರೆ ದಿನಾ ತೆಪ್ಪದ ದುಡ್ಡು ಯಾರು ಕೊಡಬೇಕು, ರಾತ್ರಿ ಹೊತ್ತು ಹೊಲಕ್ಕೆ ನೀರು ಹಾಯಿಸುವವರು ಯಾರು?

ಇಷ್ಟು ಹಿನ್ನೆಲೆ. ಇನ್ನು 2019ರ ಆಗಸ್ಟ್.

ಆ ವಾರ ಮೆಸೇಜ್ ಮೇಲೆ ಮೆಸೇಜ್. 2 ಲಕ್ಷ, 3 ಲಕ್ಷ, ಆಮೇಲೆ 5. ಕೊನೆಗೆ ನಾರಾಯಣಪುರದಿಂದ ಬಿಟ್ಟದ್ದು 6 ಲಕ್ಷ ಕ್ಯೂಸೆಕ್ ದಾಟಿತು. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್, ಎರಡು ಕೊಡ ನೀರು. ಸೆಕೆಂಡಿಗೆ 12 ಲಕ್ಷ ಕೊಡ ಅಂತ ನಾನು ಬೋರ್ಡ್ ಮೇಲೆ ಬರೆದರೆ ಮಕ್ಕಳು ಹೋ ಅಂತ ಕೂಗಿದವು. ಅದರಿಂದ ಯಾರಿಗೂ ಏನೂ ತಿಳಿಯಲಿಲ್ಲ. ಮನೆ ಖಾಲಿ ಮಾಡಬೇಕೋ ಬೇಡವೋ? ಮೋಟಾರ್ ಬಿಚ್ಚಬೇಕೋ? 2 ಲಕ್ಷಕ್ಕೆ ಏನೂ ಆಗಲಿಲ್ಲ, ಹಾಗಾಗಿ 3 ಲಕ್ಷದ ಮೆಸೇಜನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಅದೇ ರಾತ್ರಿ ಸಣ್ಣ ಹೊಳೆ ತುಂಬಿತು, ಬೆಳಿಗ್ಗೆ ಹೊತ್ತಿಗೆ ದಾರಿ ಇಲ್ಲ. ಆಮೇಲೆ ರಕ್ಷಣೆಯ ಬೋಟ್ ಬಂತು. ಅರ್ಧ ಜನ ಹತ್ತಲಿಲ್ಲ. ಬಂದಿದ್ದ ಅಧಿಕಾರಿ ಸಿಟ್ಟಾದರು, "ಇವರಿಗೆ ಹಠ, ಜೀವಕ್ಕಿಂತ ದನ ಹೆಚ್ಚಾ?" ಅಂದರು. ನಾನು ದಂಡೆಯಲ್ಲಿ ನಿಂತಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೂ ಹಾಗೇ ಅನ್ನಿಸಿತ್ತು.

ಯಾರ ಜೀವವೂ ಹೋಗಲಿಲ್ಲ. ಕೆಳಗಿನ ಓಣಿಯ ಮನೆಗಳಿಗೆ ನೀರು ಹೊಕ್ಕಿತು, ಹತ್ತಾರು ಪಂಪ್‌ಸೆಟ್ ಹೋದವು, ನಾಲ್ಕು ಎಮ್ಮೆ, ಒಂದಿಷ್ಟು ಆಡು ಕೊಚ್ಚಿಕೊಂಡು ಹೋದವು. ನೀರು ಇಳಿದ ಮೇಲೆ ಗುಡಿ ಕಟ್ಟೆಯಲ್ಲಿ ಎಲ್ಲರೂ ಕೂತು ಮಾತಾಡಿದೆವು. ಊರವರು, ಅಂಗನವಾಡಿ ಅಕ್ಕ, ಗ್ರಾಮ ಲೆಕ್ಕಿಗರು, ನಾನು. ಅಲ್ಲಿ ಗೊತ್ತಾದ ಸಂಗತಿ ಇಷ್ಟು. ಕಚೇರಿಯವರಿಗೆ ಪ್ರವಾಹ ಅಂದ್ರೆ ಮನೆಗೆ ನೀರು ನುಗ್ಗುವುದು. ಗಡ್ಡೆಯವರಿಗೆ ಪ್ರವಾಹ ಅದಕ್ಕಿಂತ ಎಷ್ಟೋ ಮುಂಚೆ ಶುರುವಾಗುತ್ತದೆ, ಸಣ್ಣ ಹೊಳೆಯ ದಾರಿ ಮುಚ್ಚಿದ ಗಳಿಗೆಗೆ. ದಾರಿ ಇದ್ದಾಗ ದನ ನಡೆದು ಹೋಗುತ್ತದೆ. ಮುಚ್ಚಿದ ಮೇಲೆ ಎಮ್ಮೆಯನ್ನು ತೆಪ್ಪದಲ್ಲಿ ಕೂರಿಸಲು ಆಗುವುದಿಲ್ಲ, ಬೋಟಿನಲ್ಲೂ ಆಗುವುದಿಲ್ಲ. ಆ ಸೆಳೆತದಲ್ಲಿ ಈಜಿಸುವುದೂ ಆಗದ ಮಾತು, ಮೇಲೆ ಮೊಸಳೆ ಬೇರೆ. ಬೋಟ್ ಬರುವ ಹೊತ್ತಿಗೆ ದನ ಉಳಿಸುವ ಸಮಯ ಮುಗಿದಿರುತ್ತದೆ. ಉಳಿದಿರುವುದು ದನ ಬಿಟ್ಟು ಹೋಗುವುದೋ, ಜೊತೆಗೇ ಇರುವುದೋ ಅನ್ನುವ ಲೆಕ್ಕ ಅಷ್ಟೇ. ಅದನ್ನು ನಾವು ಹಠ ಅಂದೆವು.

ಮೊದಲು ಮಾಡಿದ್ದು ವಾಟ್ಸಾಪ್ ಗುಂಪು. ಎಲ್ಲರೂ ಮಾಡುವುದು ಅದೇ ಅಲ್ವಾ. ಎರಡು ವಾರದಲ್ಲಿ ಕೆಟ್ಟು ಕೂತಿತು. ಹೋದ ವರ್ಷದ ವಿಡಿಯೋ ಈ ವರ್ಷದ್ದು ಅಂತ ಬರುತ್ತಿತ್ತು, ಯಾರೋ ಟಿಎಂಸಿ ಮತ್ತು ಕ್ಯೂಸೆಕ್ ಕಲೆಸಿ ಹಾಕುತ್ತಿದ್ದರು. ಟಿಎಂಸಿ ಅಂದ್ರೆ ಅಣೆಕಟ್ಟಿನಲ್ಲಿ ನಿಂತ ನೀರಿನ ಅಳತೆ (ಒಂದು ಟಿಎಂಸಿಗೆ ನೂರು ಕೋಟಿ ಘನ ಅಡಿ), ಕ್ಯೂಸೆಕ್ ಹರಿಯುವ ನೀರಿನದು. 1 ಲಕ್ಷ ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ 8.6 ಟಿಎಂಸಿ ಆಗುತ್ತದೆ. ಈ ಲೆಕ್ಕ ಗೊತ್ತಿಲ್ಲದೆ "ಅಣೆಕಟ್ಟಲ್ಲಿ 30 ಐತಂತ" ಅನ್ನುವುದನ್ನು 30 ಸಾವಿರ ಬಿಟ್ಟಿದ್ದಾರೆ ಅಂತ ತಿಳಿದವರೂ ಇದ್ದರು. ಕೊನೆಗೆ ತಾರೀಕು, ಟೈಮು ಇಲ್ಲದ ಸುದ್ದಿ ಹಾಕುವಂತಿಲ್ಲ ಅಂತ ನಿಯಮ ಮಾಡಿದೆವು. ಗುಂಪು ತಣ್ಣಗಾಯಿತು.

ಆಮೇಲೆ ತಾತನ ಪ್ರಶ್ನೆಗೇ ಬಂದೆವು. ಮೆಟ್ಟಿಲುಗಳಿಗೆ ನಂಬರ್ ಬರೆಯೋಣ. ಕೆಳಗಿನಿಂದ 1, ಮೇಲೆ 14. ಬಿಳಿ ಆಯಿಲ್ ಪೇಂಟ್, ಮಕ್ಕಳ ಕೈಬರಹ, 7 ಉಲ್ಟಾ ಬಿದ್ದಿತ್ತು, ತಿದ್ದಲಿಲ್ಲ. 2020ರ ಜೂನಿನಿಂದ ದಿನಾ ಬೆಳಿಗ್ಗೆ 8ಕ್ಕೆ ಇಬ್ಬರು ಮಕ್ಕಳು ನೀರು ಯಾವ ಮೆಟ್ಟಿಲಲ್ಲಿದೆ ಅಂತ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಕೊರೋನಾ ಅಂತ ಶಾಲೆ ಮುಚ್ಚಿತ್ತು, ಆಗಸ್ಟಿನಲ್ಲಿ ವಿದ್ಯಾಗಮ (ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ಯೋಜನೆ) ಶುರುವಾದಾಗ ಪಾಠ ನಡೆದದ್ದೇ ಗುಡಿ ಕಟ್ಟೆಯಲ್ಲಿ, ಹಾಗಾಗಿ ಮೆಟ್ಟಿಲೇ ನಮ್ಮ ಕ್ಲಾಸ್‌ರೂಮು ಆಯಿತು. ನಾನು ಪಕ್ಕದಲ್ಲಿ ಹಿಂದಿನ ದಿನ ನಾರಾಯಣಪುರದಿಂದ ಎಷ್ಟು ಬಿಟ್ಟರು ಅನ್ನುವುದನ್ನು ಬರೆಯುತ್ತಿದ್ದೆ. ಅಲ್ಲಿಂದ ಇಲ್ಲಿಗೆ ನೀರು ಬರಲು ಹೆಚ್ಚು ಕಡಿಮೆ ಒಂದು ದಿನ ಅನ್ನುವುದು ಊರವರ ಅಂದಾಜು, ಅದು ಸರಿಯೂ ಇತ್ತು.

ಸೆಪ್ಟೆಂಬರ್ ಹೊತ್ತಿಗೆ ಒಂದು ಪಟ್ಟಿ ತಯಾರಾಯಿತು. ಇಷ್ಟು ಬಿಟ್ಟರೆ ಇಷ್ಟನೇ ಮೆಟ್ಟಿಲು. ಶಾಲೆಯ ಗೋಡೆ ಮೇಲೆ ದೊಡ್ಡದಾಗಿ ಬರೆಸಿದೆ. ಆಗಸ್ಟಿನ ನೀರಿನಲ್ಲಿ ಲೆಕ್ಕ ಬಹಳ ಚೆನ್ನಾಗಿ ಕೂತಿತ್ತು, ಒಂದು ಮೆಟ್ಟಿಲು ಆಚೀಚೆ ಅಷ್ಟೇ. ಊರಲ್ಲಿ ನನಗೆ ಭಾರಿ ಮರ್ಯಾದೆ. ಮೇಲಿನ ಕಚೇರಿಯಿಂದ ಒಬ್ಬರು ಬಂದು ಫೋಟೋ ತೆಗೆದುಕೊಂಡು ಹೋದರು. ತಾತ ಮಾತ್ರ ಪಟ್ಟಿ ನೋಡಿ ಏನೂ ಹೇಳಲಿಲ್ಲ. ಓದಲು ಬರುವುದಿಲ್ಲ, ಅದಕ್ಕೆ ಅಂದುಕೊಂಡೆ.

2020ರ ಅಕ್ಟೋಬರ್ ಮಧ್ಯದಲ್ಲಿ ಹಿಂಗಾರು ಮಳೆ ಜೋರಾಯಿತು. ನಾರಾಯಣಪುರದ ಲೆಕ್ಕ ನೋಡಿದೆ, ಗಾಬರಿ ಪಡುವಂಥದ್ದೇನಿರಲಿಲ್ಲ. ಪಟ್ಟಿ ಪ್ರಕಾರ 5, ಜಾಸ್ತಿ ಅಂದ್ರೆ 6ನೇ ಮೆಟ್ಟಿಲು. ಬೆಳಿಗ್ಗೆ ತಾತ ಹೊಳೆಗೆ ಹೋಗಿ ಬಂದವನು ಹೇಳಿದ, "ಇದು ಭೀಮಿ ನೀರೈತಿ ಮಾಸ್ತರ. ಕಿಷ್ಣಿದಲ್ಲ. ಏರ್ತೈತಿ." ನಾನು ಫೋನ್ ತೋರಿಸಿದೆ. ಇಲ್ಲ ತಾತ, ಮೇಲಿಂದ ಬಿಟ್ಟಿರುವುದೇ ಕಡಿಮೆ ಅಂದೆ. ಆತ ಫೋನ್ ನೋಡಿದ, ನನ್ನ ಮುಖ ನೋಡಿದ, ತನ್ನ ತೆಪ್ಪ ಹೊತ್ತುಕೊಂಡು ಮೇಲಿನ ಓಣಿಗೆ ಹೋದ. ಆ ದಿನ ಊರಲ್ಲಿ ತೆಪ್ಪ ಮೇಲಕ್ಕೆ ಒಯ್ದವನು ಆತ ಒಬ್ಬನೇ.

ಮರುದಿನ ನೀರು 10ನೇ ಮೆಟ್ಟಿಲಿಗೆ ಬಂತು.

ಭೀಮಾ ತುಂಬಿ ಬಂದಿತ್ತು. ಆ ತಿಂಗಳು ಕಲಬುರಗಿ ಜಿಲ್ಲೆಯ ಭೀಮಾ ದಂಡೆಯ ಊರುಗಳು ಮುಳುಗಿದ್ದು ನಿಮಗೆ ನೆನಪಿರಬಹುದು. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು, ಸೊನ್ನ ಬ್ಯಾರೇಜು, ಯಾದಗಿರಿ ದಾಟಿ ಕೃಷ್ಣೆಗೆ ಬಂದು ಸೇರುತ್ತದೆ. ಆ ಸಂಗಮ ಇರುವುದು ಕಾಡ್ಲೂರು ಹತ್ತಿರ, ದೇವಸೂಗೂರಿಗಿಂತ ಮೇಲೆ, ಅಂದ್ರೆ ನಮ್ಮ ಗಡ್ಡೆಗಿಂತಲೂ ಮೇಲೆ. ನಾರಾಯಣಪುರದ ಗೇಟಿಗೂ ಈ ನೀರಿಗೂ ಸಂಬಂಧವೇ ಇಲ್ಲ. ಲಿಂಗಸುಗೂರು ತಾಲೂಕಿನ ಗಡ್ಡೆಗಳಿಗೆ ನನ್ನ ಪಟ್ಟಿಯ ರೀತಿ ಸರಿ ಹೊಂದುತ್ತಿತ್ತು, ಅವು ಸಂಗಮಕ್ಕಿಂತ ಮೇಲಿವೆ. ನಮ್ಮದಕ್ಕೆ ಹೊಂದುವುದಿಲ್ಲ. ಭೀಮಾ ಕೃಷ್ಣಾದ ಉಪನದಿ ಅಂತ ಪ್ರತಿ ವರ್ಷ ಪಾಠ ಮಾಡುವ ಮನುಷ್ಯ ನಾನು! ನಕ್ಷೆ ನೇತು ಹಾಕಿ ಕೋಲಿನಿಂದ ತೋರಿಸುತ್ತೇನೆ. ಆದರೆ ಪಟ್ಟಿ ಮಾಡುವಾಗ ಅದು ತಲೆಗೇ ಬರಲಿಲ್ಲ, ಯಾಕಂದ್ರೆ ಆ ಮಳೆಗಾಲದ ಮೂರು ತಿಂಗಳು ಭೀಮಾ ಸುಮ್ಮನಿತ್ತು, ಅಂಕಿಗಳು ಚೆನ್ನಾಗಿ ಕೂತಿದ್ದವು.

ನೀರು ಮನೆಗೆ ಬರಲಿಲ್ಲ. ಬಾಲದ ಕಡೆಯ ಹೊಲದಲ್ಲಿ ಕಟಾವಿಗೆ ಬರುತ್ತಿದ್ದ ಭತ್ತ ಹೋಯಿತು, ಬಿಚ್ಚದೇ ಬಿಟ್ಟಿದ್ದ ಮೋಟಾರ್‌ಗಳು ಹೋದವು, ಎರಡು ಬಣವೆ ತೇಲಿ ಹೋದವು. ಒಬ್ಬ ಅಕ್ಕ, ಗಂಡ ಇಲ್ಲದವಳು, ಎರಡು ಎಕರೆ ಒಬ್ಬಳೇ ಮಾಡುವವಳು, ಶಾಲೆಗೆ ಬಂದು ಗೋಡೆ ಮುಂದೆ ನಿಂತಳು. ಕೂಗಲಿಲ್ಲ. "ಗ್ವಾಡಿ ಮ್ಯಾಗ ನೀವ ಬರ್ದಿದ್ರಿ ಸರ್. ಬರ್ದಿದ್ದಿಲ್ಲಂದ್ರ ನಾ ತಾತನ ಮಾತ ಕೇಳ್ತಿದ್ದೆ."

ಈ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಪಟ್ಟಿ ತಪ್ಪಿದ್ದು ಒಂದು. ಪಟ್ಟಿ ಇದ್ದದ್ದರಿಂದಲೇ ಹೊಳೆ ನೋಡಿ ಹೇಳುವವನ ಬಾಯಿ ಮುಚ್ಚಿತು ಅನ್ನುವುದು ಇನ್ನೊಂದು, ಅದು ದೊಡ್ಡದು. ಮುಂಚೆ ಊರವರು ತಾತನನ್ನು ಕೇಳುತ್ತಿದ್ದರು, ತಾತ ತಪ್ಪಿದರೆ ಬೈಯುತ್ತಿದ್ದರು, ಆಮೇಲೆ ಮತ್ತೆ ಕೇಳುತ್ತಿದ್ದರು. ಗೋಡೆಯನ್ನು ಯಾರೂ ಬೈಯುವುದಿಲ್ಲ, ಪೇಂಟಿನಲ್ಲಿ ಬರೆದದ್ದು ಅಂದ್ರೆ ಸರ್ಕಾರದ್ದು ಅಂತಲೇ ತಿಳಿಯುತ್ತಾರೆ. ಒಂದೇ ಮಳೆಗಾಲದ ಲೆಕ್ಕವನ್ನು ಪೆನ್ಸಿಲ್‌ನಲ್ಲಿ ಬರೆಯಬೇಕಿತ್ತು. ನಾನು ಆಯಿಲ್ ಪೇಂಟಿನಲ್ಲಿ ಬರೆಸಿದೆ.

ಸುಣ್ಣ ಬಳಿದು ಪಟ್ಟಿ ಅಳಿಸಿದೆವು. ಕೆಲವರು ಇನ್ನು ಬೇಡವೇ ಬೇಡ ಅಂದರು. ಬೇಕು ಅಂದದ್ದು ಅದೇ ಅಕ್ಕ. ತಪ್ಪಿದ್ದು ಯಾಕೆ ಅಂತ ಗೊತ್ತಾಯಿತಲ್ಲ, ಅದನ್ನೂ ಸೇರಿಸಿ ಬರೀರಿ ಅಂದಳು. ಎರಡನೇ ಸಲ ಬೇರೆ ರೀತಿ ಮಾಡಿದೆವು. ಕೇಂದ್ರ ಜಲ ಆಯೋಗದವರು ಕೃಷ್ಣಾಕ್ಕೆ ಹೂವಿನಹೆಡಗಿಯಲ್ಲಿ, ಭೀಮಾಕ್ಕೆ ಯಾದಗಿರಿಯಲ್ಲಿ ನೀರಿನ ಮಟ್ಟ ಅಳೆಯುತ್ತಾರೆ, ಎರಡೂ ಸೇರಿದ ಮೇಲೆ ದೇವಸೂಗೂರಿನಲ್ಲಿ ಅಳೆಯುತ್ತಾರೆ. ಹಾಗಾಗಿ ಒಂದು ಅಂಕಿ ಬದಲು ಎರಡು ಹೊಳೆಯ ಸುದ್ದಿ, ಜೊತೆಗೆ ಜುರಾಲಾ ಎಷ್ಟು ತುಂಬಿದೆ ಅನ್ನುವುದು. ಅದು ತುಂಬಿದ್ದರೆ ನೀರು ಇಳಿಯುವುದು ತಡ ಅಂತ ಊರವರ ಅನುಭವ. ನಾಲ್ಕನೇ ಸಾಲು ತಾತನದ್ದು. ಬೆಳಿಗ್ಗೆ ಹೊಳೆ ನೋಡಿ ಆತ ಹೇಳಿದ್ದನ್ನು ಮಕ್ಕಳು ಹಾಗೇ ಬರೆಯಬೇಕು, ಫೋನಿನ ಸುದ್ದಿಗೆ ಹೊಂದದಿದ್ದರೂ ಬರೆಯಬೇಕು. ಎರಡೂ ಹೊಂದದ ದಿನವೇ ಕಟ್ಟೆಯಲ್ಲಿ ಸಭೆ. ಎಲ್ಲ ಸೀಮೆಸುಣ್ಣದಲ್ಲಿ, ಕರಿಹಲಗೆ ಮೇಲೆ.

ಗೋಡೆ ಮೇಲೆ ಈ ಸಲ ಬರೆದದ್ದು ನೀರು ಎಲ್ಲಿಗೆ ಬರುತ್ತದೆ ಅಂತಲ್ಲ. ನೀರು ಎಲ್ಲಿಗೆ ಬಂದರೆ ನಾವು ಏನು ಮಾಡುತ್ತೇವೆ ಅಂತ. ಇದಕ್ಕೆ ಎರಡು ರಾತ್ರಿ ಜಗಳ ಆಯಿತು. 4ನೇ ಮೆಟ್ಟಿಲಿಗೆ ಸಣ್ಣ ಹೊಳೆಯ ದಾರಿ ಮುಚ್ಚುತ್ತದೆ, ಅದರಲ್ಲಿ ಎಲ್ಲರ ಮಾತೂ ಒಂದೇ. ಹಾಗಾದರೆ 3ಕ್ಕೆ ಏನೇನು ಆಗಬೇಕು? ಅಂಗನವಾಡಿ ಅಕ್ಕ ದಿನ ತುಂಬಿದ ಬಸುರಿಯರನ್ನು ಮೊದಲು ಬರೆಸಿದಳು. ಯಾದಗಿರಿ ಕಡೆಯ ನೀಲಕಂಠರಾಯನಗಡ್ಡೆಯಲ್ಲಿ 2013ರಲ್ಲಿ ತುಂಬು ಬಸುರಿಯೊಬ್ಬಳು ಸೋರೆ ಬುರುಡೆ ಕಟ್ಟಿಕೊಂಡು ತುಂಬಿದ ಹೊಳೆ ಈಜಿ ಹೆರಿಗೆಗೆ ಹೋದ ಸುದ್ದಿ ಪೇಪರಿನಲ್ಲೆಲ್ಲ ಬಂದಿತ್ತು. ಎಲ್ಲರೂ ಆಕೆಯ ಧೈರ್ಯ ಹೊಗಳಿದರು. ನಮ್ಮ ಅಕ್ಕ ಹೇಳಿದ್ದು ಬೇರೆ, "ಆಕಿ ಈಜೋ ಹಂಗ ಆಗಬಾರದಿತ್ತು." 6ಕ್ಕೆ ಮೋಟಾರ್ ಬಿಚ್ಚಿ ಮೇಲೆ. 11ಕ್ಕೆ ಕೆಳಗಿನ ಓಣಿ ಖಾಲಿ. ಗಂಟು ಬಿದ್ದದ್ದು ದನದ ವಿಷಯಕ್ಕೆ. ದನ ಹೋಗಬೇಕಾದ್ದು 3ಕ್ಕೇ, ದಾರಿ ಮುಚ್ಚುವ ಮುಂಚೆ. ಆದರೆ 3ನೇ ಮೆಟ್ಟಿಲು ಮಳೆಗಾಲದಲ್ಲಿ ಐದಾರು ಸಲ ಬರುತ್ತದೆ, ಪ್ರತಿ ಸಲ ದನ ಹೊಡೆದುಕೊಂಡು ದಂಡೆಗೆ ಹೋದರೆ ಅಲ್ಲಿ ಮೇವು ಯಾರು ಕೊಡುತ್ತಾರೆ? ದಂಡೆಯ ಊರವರ ಹೊಲಕ್ಕೆ ನುಗ್ಗಿದರೆ ಹೊಡೆದಾಟ.

ಇಲ್ಲಿ ಗ್ರಾಮ ಲೆಕ್ಕಿಗರು ಒಂದು ಒಳ್ಳೆಯ ಕೆಲಸ ಮಾಡಿದರು. ಮೇಲಿನವರ ಹತ್ತಿರ ಬೋಟ್ ಕೇಳುವ ಬದಲು ಮೇವು ಕೇಳಿದರು. ದಂಡೆಯ ಒಂದು ಸರ್ಕಾರಿ ಜಾಗದಲ್ಲಿ ದನ ಕಟ್ಟಲು ಗೂಟ, ನೀರಿನ ತೊಟ್ಟಿ, ಮೂರು ದಿನದ ಮೇವು. ಬೋಟಿಗಿಂತ ಖರ್ಚು ಕಡಿಮೆ, ಆದರೆ ಪ್ರವಾಹ ಬರುವ ಮುಂಚೆ ಮೇವು ಕೊಡುವುದು ಯಾವ ಲೆಕ್ಕದಲ್ಲಿ ಅಂತ ಕಾಗದ ಬಹಳ ಓಡಾಡಿತು. ಅರ್ಧ ಸರ್ಕಾರದಿಂದ, ಅರ್ಧ ಊರ ಚಂದಾದಿಂದ ಆಯಿತು.

2021ರ ಜುಲೈ ಕೊನೆಗೆ ಕೃಷ್ಣಾ ಮತ್ತೆ ಜೋರಾಗಿ ಬಂತು. ಹೂವಿನಹೆಡಗಿಯಲ್ಲಿ ಏರುತ್ತಿದೆ ಅನ್ನುವ ಸುದ್ದಿ ಬಂದ ಸಂಜೆಯೇ ದನ ಹೊರಟವು. ಎಮ್ಮೆ, ಎತ್ತು, ಆಡು, ಹಿಂದೆ ಹುಡುಗರು, ಸಣ್ಣ ಹೊಳೆಯಲ್ಲಿ ಮೊಣಕಾಲ ನೀರು. ಮರುದಿನ ಆ ಜಾಗದಲ್ಲಿ ಮನುಷ್ಯ ನಿಲ್ಲುವಂತಿರಲಿಲ್ಲ. ಬೋಟ್ ಬಂದಾಗ ಜನ ತಾವಾಗಿಯೇ ಹತ್ತಿದರು. ದನದ ಹಿಂದೆ ಹೋಗಲೇಬೇಕಲ್ಲ, ಹಾಲು ಕರೆಯುವವರು ಯಾರು? 2019ರಲ್ಲಿ ಸಿಟ್ಟಾಗಿದ್ದ ಅಧಿಕಾರಿಯೇ ಆ ದಿನವೂ ಬಂದಿದ್ದರು, "ಈ ಸಲ ಬುದ್ಧಿ ಬಂದಿದೆ" ಅಂದರು. ಯಾರಿಗೆ ಬಂತು ಅಂತ ನಾನು ಕೇಳಲಿಲ್ಲ.

ಎಲ್ಲ ಸರಿ ಹೋಯಿತು ಅಂತಲ್ಲ. ಎರಡು ಮನೆಯವರು ಕೊನೆಯವರೆಗೂ ಹೋಗಲಿಲ್ಲ, ಅದರಲ್ಲಿ ಒಂದು ತಾತನ ಮನೆ. ಮೇವು ಎರಡನೇ ದಿನವೇ ಮುಗಿದು ಮೂರನೇ ದಿನ ಬೆಳಿಗ್ಗೆ ಬಂತು. ಆಮೇಲೊಂದು ಸಲ ಸುಳ್ಳು ಎಚ್ಚರಿಕೆಯೂ ಆಯಿತು. ದನ ದಾಟಿಸಿದೆವು, ನೀರು 4ಕ್ಕೆ ಬಂದು ನಿಂತು ಇಳಿಯಿತು, ಎರಡು ದಿನದ ಕೆಲಸ ಹಾಳು, ತೆಪ್ಪದ ದುಡ್ಡು ದಂಡ. ಜನ ನಕ್ಕರು, ಬೈದರು. ಅದನ್ನೂ ಹಲಗೆ ಮೇಲೆ ತಾರೀಕು ಸಮೇತ ಬರೆಸಿದೆ, ಇವತ್ತು ನಾವು ತಪ್ಪಿದೆವು ಅಂತ. ಮೊದಲ ಸಲ ತಾತ ನನ್ನ ಬರಹವನ್ನು ಯಾರ ಕೈಲೋ ಓದಿಸಿಕೊಂಡ.

ನನ್ನನ್ನು ಯಾರಾದರೂ ಕೇಳಿದರೆ ಹೇಳುವುದು ಇಷ್ಟೇ. ನಿಮ್ಮ ಊರು ಸಂಗಮದ ಮೇಲಿದೆಯೋ ಕೆಳಗಿದೆಯೋ ಮೊದಲು ನೋಡಿ. ದಾರಿ ಮುಚ್ಚುವ ಮಟ್ಟ ಯಾವುದು, ಮನೆ ಮುಳುಗುವ ಮಟ್ಟ ಯಾವುದು, ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ, ಮಾಡುವ ಕೆಲಸವೆಲ್ಲ ಮೊದಲನೆಯದಕ್ಕೆ ಇರಲಿ. ಮೆಟ್ಟಿಲು ಇಲ್ಲದಿದ್ದರೆ ಬಂಡೆಗೆ, ಬೇವಿನ ಮರಕ್ಕೆ ಗುರುತು ಹಾಕಿ, ಆದರೆ ಊರವರು ದಿನಾ ನೋಡುವ ಜಾಗದಲ್ಲೇ ಹಾಕಿ. ಮತ್ತೆ ಹೊಳೆ ನೋಡುವವರನ್ನು ಪಟ್ಟಿಯ ಒಳಗೇ ಕೂರಿಸಿಕೊಳ್ಳಿ.

ನನಗೆ ಆಮೇಲೆ ವರ್ಗ ಆಯಿತು. ಅಂಗನವಾಡಿ ಅಕ್ಕ ಆಗಾಗ ಫೋಟೋ ಕಳಿಸುತ್ತಾಳೆ. ಗೋಡೆ ಮೇಲೆ 9ನೇ ಮೆಟ್ಟಿಲ ಎದುರು "ಹಾವು ಬರ್ತಾವ, ಹೊರಸು ಮ್ಯಾಲ ಮಲಗಬೇಕು" ಅಂತ ಯಾರೋ ಹೊಸದಾಗಿ ಸೇರಿಸಿದ್ದಾರೆ. 2023ರಲ್ಲಿ ಮಳೆ ಕೈಕೊಟ್ಟಿತು, 2024ರ ಬೇಸಿಗೆಯಲ್ಲಿ ಹೊಳೆ ಮೊದಲ ಮೆಟ್ಟಿಲನ್ನೂ ಬಿಟ್ಟು ಕೆಳಗೆ ಇಳಿದಿತ್ತು. ಆ ಫೋಟೋದಲ್ಲಿ ಬರೀ ಬಂಡೆ, ಅದರ ಮೇಲೆ ಹುಡುಗರು ಪೇಂಟ್ ಡಬ್ಬಿ ಹಿಡಿದು ಕೂತಿದ್ದಾರೆ, ಬಂಡೆಗೆ ಒಂದು ದೊಡ್ಡ ಸೊನ್ನೆ. ಕೆಳಗೆ ಅಕ್ಕನ ಮೆಸೇಜು: "ಸೊನ್ನಿಗಿಂತ ಕೆಳಗ ಹೋಗೈತ್ರಿ ಸರ್, ಅದನ್ನ ಹೆಂಗ ಬರೀಬೇಕಂತ ಹುಡುಗ್ರು ಕೇಳಕತ್ಯಾರ."